ಕೆಂಡದ ತಂಬಿಗೆಯಿಂದ ಜೀನ್ಸ್ ಇಸ್ತ್ರಿಯವರೆಗೆ

ಮೊನ್ನೆ ಶನಿವಾರ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಜಗಳ ನಡೆಯಿತು. ಎಂಟನೇ ತರಗತಿಯ ಹುಡುಗನೊಬ್ಬ ಯೂನಿಫಾರಂ ಬಿಟ್ಟು ಜೀನ್ಸ್ ಪ್ಯಾಂಟು ಹಾಕಿಕೊಂಡು ಬಂದಿದ್ದ. ಅದೂ ಹೇಗಿತ್ತೆಂದರೆ ದನ ಅಗಿದು ಬಿಟ್ಟ ಬಟ್ಟೆಯ ಹಾಗೆ ಮುದುರಿಕೊಂಡಿತ್ತು. "ಯೂನಿಫಾರಂ ಒಗೆದಿದೆ ಅಂತೀಯ, ಸರಿ. ಇದಕ್ಕೆ ಒಂದು ಇಸ್ತ್ರಿಯಾದರೂ ಬೇಡವೇನಪ್ಪಾ?" ಎಂದೆವು. ಅವನು ನಮಗೇ ಪಾಠ ಹೇಳಿದ: "ಜೀನ್ಸಿಗೆ ಯಾರಾದರೂ ಇಸ್ತ್ರಿ ಹಾಕ್ತಾರಾ ಸಾರ್? ಸುಕ್ಕಿದ್ದರೇ ಫ್ಯಾಷನ್ನು." ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಮ್ಮಪ್ಪ ದಿನಾ ಪೂರ್ತಿ ಜೀನ್ಸಿಗೇ ಇಸ್ತ್ರಿ ಹಾಕೋದು. ಇಸ್ತ್ರಿ ಹಾಕದೆ ಒಂದು ಪ್ಯಾಂಟೂ ಅಂಗಡಿಗೆ ಹೋಗಲ್ಲ." ಅಲ್ಲಿಗೆ ತರಗತಿ ಎರಡು ಪಕ್ಷವಾಯಿತು. ಆ ಪೀರಿಯಡ್ಡಿನಲ್ಲಿ ನಾವು ಬಹಮನಿ ಸುಲ್ತಾನರನ್ನು ಮುಗಿಸಬೇಕಿತ್ತು, ಮುಗಿಸಲಿಲ್ಲ.

ಯೋಚಿಸಿ ನೋಡಿದರೆ ಇಬ್ಬರ ಮಾತೂ ನಿಜ. ಇಸ್ತ್ರಿಯೇ ಬೇಡದ ಬಟ್ಟೆಯೆಂದು ಹುಟ್ಟಿದ್ದು ಜೀನ್ಸ್. ಇಂದು ಅದೇ ಜೀನ್ಸಿಗೆ ಇಸ್ತ್ರಿ ಹಾಕಿ ನಮ್ಮ ರಾಯದುರ್ಗದಲ್ಲೂ ಪಕ್ಕದ ಬಳ್ಳಾರಿಯಲ್ಲೂ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಇದು ಹೇಗಾಯಿತು ಎಂಬುದನ್ನು ಮಕ್ಕಳಿಗೆ ಹೇಳಲು ಹೊರಟು ನಾವು ಒಂದಷ್ಟು ಓದಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಇಸ್ತ್ರಿಯ ಕಥೆ. ನಾವು ಓದುತ್ತಿದ್ದ ಕಾಲಕ್ಕೆ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಆಗಸ್ಟ್ 15ರ ಹಿಂದಿನ ರಾತ್ರಿ ಅವ್ವ ಒಲೆಯಿಂದ ಕೆಂಡ ತೆಗೆದು ಹಿತ್ತಾಳೆ ತಂಬಿಗೆಗೆ ತುಂಬಿಕೊಡುತ್ತಿದ್ದಳು. ತಂಬಿಗೆಯ ಕಂಠವನ್ನು ಒದ್ದೆ ಬಟ್ಟೆಯಿಂದ ಹಿಡಿದು, ಅದರ ತಳದಿಂದ ಬಿಳಿ ಅಂಗಿಯನ್ನು ಉಜ್ಜಬೇಕು. ಸ್ವಲ್ಪ ಎಚ್ಚರ ತಪ್ಪಿದರೆ ಅಂಗಿಯ ಮೇಲೆ ದುಂಡಗಿನ ಕಂದು ಮುದ್ರೆ. ಚಡ್ಡಿಯದಾದರೆ ಇನ್ನೂ ಸುಲಭ: ಮಡಿಸಿ ಹಾಸಿಗೆಯ ಕೆಳಗಿಟ್ಟು ರಾತ್ರಿಯಿಡೀ ಅದರ ಮೇಲೆ ಮಲಗುವುದು. ಇದನ್ನು ಓದುವ ನಿಮ್ಮಲ್ಲೂ ಹೀಗೆ ಮಾಡಿದವರಿರಬಹುದು. ಬಡತನಕ್ಕೆ ನಾವೇ ಕಂಡುಕೊಂಡ ಉಪಾಯ ಇದು ಎಂದೇ ಬಹಳ ಕಾಲ ಅಂದುಕೊಂಡಿದ್ದೆವು.

ಆದರೆ ಅದು ಚಕ್ರವರ್ತಿಯ ಅರಮನೆಯ ವಿದ್ಯೆ! ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಚೀನಾದ ಒಂದು ಹಳೆಯ ಚಿತ್ರಸುರುಳಿ ಇದೆ. 12ನೇ ಶತಮಾನದ ಆರಂಭದ್ದು, ಹುಯಿಜೋಂಗ್ ಎಂಬ ಚಕ್ರವರ್ತಿ ಅದಕ್ಕಿಂತ ಹಳೆಯ ಚಿತ್ರವೊಂದನ್ನು ನೋಡಿ ಬರೆದದ್ದೆಂದು ಹೇಳುತ್ತಾರೆ. ಅದರಲ್ಲಿ ಅರಮನೆಯ ಹೆಂಗಸರು ಹೊಸದಾಗಿ ನೆಯ್ದ ರೇಷ್ಮೆಯನ್ನು ಎರಡೂ ಕಡೆಯಿಂದ ಬಿಗಿಯಾಗಿ ಎಳೆದು ಹಿಡಿದಿದ್ದಾರೆ. ಒಬ್ಬಾಕೆ ಹಿಡಿಯಿರುವ ಒಂದು ಬಾಣಲೆಯಲ್ಲಿ ಕೆಂಡ ತುಂಬಿಕೊಂಡು ಬಟ್ಟೆಯ ಮೇಲೆ ಆಡಿಸುತ್ತಿದ್ದಾಳೆ. ಬಟ್ಟೆಯ ಕೆಳಗೆ ಒಂದು ಪುಟ್ಟ ಹುಡುಗಿ ನುಸುಳಿ ಆಟವಾಡುತ್ತಿದ್ದಾಳೆ. ಬಾಣಲೆಯ ಜಾಗದಲ್ಲಿ ತಂಬಿಗೆ ಇಟ್ಟರೆ ನಮ್ಮ ಮನೆಯ ಪಡಸಾಲೆಯೇ.

ಅದೇ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯನವರು ಶರಣರ ಬಟ್ಟೆ ಒಗೆದು ಮಡಿ ಮಾಡುತ್ತಿದ್ದರು. ಮಡಿ ಎಂದರೆ ಒಗೆದ ಶುದ್ಧ ಬಟ್ಟೆ, ಅದನ್ನು ಮಾಡಿಕೊಡುವವನು ಮಡಿವಾಳ. ನಮ್ಮಲ್ಲಿ ಬಟ್ಟೆಯ ಸುಕ್ಕು ತೆಗೆಯುವುದೂ ಆ ಮನೆತನದ ಕೆಲಸವೇ ಆಗಿ ಉಳಿಯಿತು. ಗಂಜಿ ಹಾಕುವುದು, ಹಿಂಡುವುದು, ಇಬ್ಬರು ಎದುರುಬದುರು ನಿಂತು ಕೊಡವಿ ಎಳೆದು ಮಡಿಸುವುದು. ಇಸ್ತ್ರಿ ಪೆಟ್ಟಿಗೆ ಬಂದದ್ದು ಆಮೇಲೆ.

ಈ 'ಇಸ್ತ್ರಿ' ಶಬ್ದವೂ ಹೊರಗಿನಿಂದ ಬಂದದ್ದು. ಮಕ್ಕಳಲ್ಲಿ ಕೆಲವರು ಇದನ್ನು 'ಸ್ತ್ರೀ' ಎಂದು ಬರೆದು ನಮ್ಮನ್ನು ನಗಿಸುವುದುಂಟು. ಪೋರ್ಚುಗೀಸರ 'ಎಸ್ಟಿರಾರ್' ಎಂಬ ಮಾತಿನಿಂದ ಇದು ಬಂತು ಎಂದು ಹಲವು ನಿಘಂಟುಗಳು ಹೇಳುತ್ತವೆ. ಎಳೆದು ಚಾಚು ಎಂದು ಅದರ ಅರ್ಥ. ಚಾವಿ, ಅಲಮಾರು ಬಂದ ಹಡಗಿನಲ್ಲೇ ಇದೂ ಬಂದಿರಬೇಕು. ತೆಲುಗಿನಲ್ಲೂ ಅದು ಇಸ್ತ್ರೀಯೇ, ಹಿಂದಿಯಲ್ಲೂ ಅದೇ. ನಮ್ಮ ಶಾಲೆಯ ತೆಲುಗು ಮಾಧ್ಯಮದ ಮಕ್ಕಳೂ ಕನ್ನಡ ಮಾಧ್ಯಮದ ಮಕ್ಕಳೂ ಜಗಳವಿಲ್ಲದೆ ಒಪ್ಪುವ ಕೆಲವೇ ಶಬ್ದಗಳಲ್ಲಿ ಇದೊಂದು.

ಯುರೋಪಿನಲ್ಲೂ ಕೆಂಡದ ಪೆಟ್ಟಿಗೆ ಇತ್ತು. ಅದರ ಜೊತೆಗೆ ಟೊಳ್ಳಿಲ್ಲದ ಗಟ್ಟಿ ಕಬ್ಬಿಣದ ಇಸ್ತ್ರಿಯೂ ಇತ್ತು. ಅದನ್ನು ಒಲೆಯ ಮೇಲಿಟ್ಟು ಕಾಯಿಸಬೇಕು, ಒಂದು ಆರುವಷ್ಟರಲ್ಲಿ ಇನ್ನೊಂದು ಕಾದಿರಬೇಕು. ಹಿಡಿಯೂ ಕಬ್ಬಿಣದ್ದೇ ಆದ್ದರಿಂದ ಕೈ ಸುಡುವುದು ಖಾತರಿ. 1871ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಮೇರಿ ಪಾಟ್ಸ್ ಎಂಬ ಗೃಹಿಣಿ, ಬಿಡಿಸಿ ಹಾಕಬಹುದಾದ ತಣ್ಣನೆಯ ಮರದ ಹಿಡಿಗೆ ಪೇಟೆಂಟ್ ಪಡೆದಳು. ದಿನವೂ ಕೈ ಸುಟ್ಟುಕೊಳ್ಳುವವರಿಗೇ ಹೊಳೆಯುವ ಯೋಚನೆ ಅದು. 1882ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಹೆನ್ರಿ ಸೀಲಿ ವಿದ್ಯುತ್ ಇಸ್ತ್ರಿಗೆ ಪೇಟೆಂಟ್ ಪಡೆದ. ತಮಾಷೆಯೆಂದರೆ ಆ ಊರಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾದದ್ದೇ ಆ ವರ್ಷದ ಸೆಪ್ಟೆಂಬರಿನಲ್ಲಿ. ಕರೆಂಟು ಬರುವ ಮೊದಲೇ ಕರೆಂಟಿನ ಇಸ್ತ್ರಿ! ನಮ್ಮ ಕಡೆಯ ಬೇಸಿಗೆಯಲ್ಲಿ ಈಗಲೂ ಒಮ್ಮೊಮ್ಮೆ ಅದೇ ಪರಿಸ್ಥಿತಿ, ಇರಲಿ.

ಇನ್ನು ಸುಕ್ಕಿನ ವಿಷಯ. ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್. ಉದ್ದುದ್ದ ಅಣುಸರಪಳಿಗಳು ಒಂದರ ಪಕ್ಕ ಒಂದು ಮಲಗಿರುತ್ತವೆ, ಹೈಡ್ರೋಜನ್ ಬಂಧಗಳು ಅವುಗಳನ್ನು ಒಂದಕ್ಕೊಂದು ಹಿಡಿದಿರುತ್ತವೆ. ನೀರು ಒಳಹೊಕ್ಕರೆ ಆ ಹಿಡಿತ ಸಡಿಲವಾಗುತ್ತದೆ. ಬಟ್ಟೆ ಮುದುರಿದ ಸ್ಥಿತಿಯಲ್ಲೇ ಒಣಗಿದರೆ ಬಂಧಗಳು ಹೊಸ ಜಾಗದಲ್ಲಿ ಕೂತುಬಿಡುತ್ತವೆ. ಅದೇ ಸುಕ್ಕು. ತಲೆಗೂದಲು ಒದ್ದೆಯಿರುವಾಗ ಬಾಚಿದರೆ ಬಾಚಿದಂತೆ ನಿಲ್ಲುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಇಸ್ತ್ರಿ ಮಾಡುವುದು ಇದರ ಉಲ್ಟಾ ಕೆಲಸ: ತೇವದಿಂದ ಬಂಧ ಸಡಿಲಿಸಿ, ಒತ್ತಿ ನೇರ ಮಾಡಿ, ಶಾಖದಿಂದ ಒಣಗಿಸಿ ಅಲ್ಲೇ ಕೂರಿಸುವುದು. ನೀರು, ಭಾರ, ಬಿಸಿ ಈ ಮೂರೂ ಬೇಕು. ಬರೀ ಬಿಸಿಯಿಂದ ಉಜ್ಜುವವರು ಬಟ್ಟೆ ಸುಡುತ್ತಾರೆ, ಸುಕ್ಕು ತೆಗೆಯುವುದಿಲ್ಲ.

ಈಗ ಜೀನ್ಸಿಗೆ ಬರೋಣ. 'ಡೆನಿಮ್' ಎಂಬುದು ಫ್ರಾನ್ಸಿನ ನೀಮ್ ಊರಿನ 'ಸೆರ್ಜ್ ದ ನೀಮ್' ಬಟ್ಟೆಯ ಹೆಸರಿನಿಂದ ಬಂತೆಂದು ವಾಡಿಕೆ. 'ಜೀನ್ಸ್' ಎಂಬುದು ಇಟಲಿಯ ಜಿನೋವಾ ಬಂದರಿನ ಫ್ರೆಂಚ್ ಹೆಸರಿನಿಂದ. ಇವೆರಡೂ ಎಲ್ಲ ಕಡೆ ಬರೆದಿರುತ್ತವೆ. ನಮ್ಮ ಮಕ್ಕಳು ತಿಳಿಯಬೇಕಾದ ಮೂರನೆಯ ಹೆಸರು 'ಡಂಗರಿ'. ಮುಂಬಯಿಯ ಕೋಟೆಯ ಬಳಿಯ ಡೋಂಗ್ರಿಯಲ್ಲಿ ಮಾರುತ್ತಿದ್ದ ಒರಟು ಹತ್ತಿ ಬಟ್ಟೆಯದು. 17ನೇ ಶತಮಾನದ ಕೊನೆಯ ಹೊತ್ತಿಗೇ ಇಂಗ್ಲಿಷಿನವರ ಬಾಯಿಗೆ ಆ ಶಬ್ದ ಬಂದಿತ್ತು. ಹಡಗಿನ ಕೂಲಿಗಳು, ಖಲಾಸಿಗಳು ತೊಡುವ ಬಟ್ಟೆ. ಮೂರು ಹೆಸರಿಗೂ ಸಮಾನವಾದದ್ದು ಒಂದೇ: ದುಡಿಯುವವನ ಮೈಮೇಲಿನ ಬಟ್ಟೆ.

ಡೆನಿಮ್ಮಿನ ನೇಯ್ಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಾಸು ನೀಲಿ, ಹೊಕ್ಕು ಬಿಳಿ. ಹಾಸಿನ ಎಳೆ ಮೂರು ಹೊಕ್ಕಿನ ಮೇಲೆ ಹಾದು ಒಂದರ ಕೆಳಗೆ ಹೋಗುತ್ತದೆ. ಮುಂದಿನ ಎಳೆ ಒಂದು ಹೆಜ್ಜೆ ಪಕ್ಕಕ್ಕೆ. ಆದ್ದರಿಂದಲೇ ಹೊರಮೈ ನೀಲಿ, ಒಳಮೈ ಬಿಳಿ, ಮೇಲೆ ಓರೆಯಾದ ಸಣ್ಣ ಏರುಗೆರೆಗಳು. ಬೆರಳಾಡಿಸಿದರೆ ಗೊತ್ತಾಗುತ್ತದೆ. ನೀಲಿಯೂ ಎಳೆಯ ಒಳತನಕ ಇಳಿದಿರುವುದಿಲ್ಲ. ನೀಲಿ ಬಣ್ಣ ನೀರಿನಲ್ಲಿ ಕರಗುವ ವಸ್ತುವಲ್ಲ. ಅದನ್ನು ತೊಟ್ಟಿಯಲ್ಲಿ ರಾಸಾಯನಿಕವಾಗಿ ಕರಗುವಂತೆ ಮಾಡಿ ನೂಲು ಅದ್ದುತ್ತಾರೆ. ಮೇಲೆತ್ತಿದಾಗ ನೂಲು ಹಳದಿ ಮಿಶ್ರಿತ ಹಸಿರು, ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಎಷ್ಟು ಸಲ ಅದ್ದಿದರೂ ಬಣ್ಣ ಹೊರಸುತ್ತಿನಲ್ಲೇ ಉಳಿಯುತ್ತದೆ, ನಡುವಿನ ತಿರುಳು ಬಿಳಿ. ಅದಕ್ಕೇ ಜೀನ್ಸ್ ಮಡಿಕೆಯ ಏಣಿನಲ್ಲಿ ಉಜ್ಜಿಹೋಗಿ ಬಿಳಿ ಗೆರೆ ಬೀಳುವುದು. ಇಸ್ತ್ರಿಯ ವಿಚಾರಕ್ಕೆ ಬಂದಾಗ ಈ ಎರಡು ಸಂಗತಿ, ಏರುಗೆರೆ ಮತ್ತು ಬಿಳಿ ತಿರುಳು, ನೆನಪಿರಲಿ.

ನೀಲಿ ಎಂದಾಗ ನಮ್ಮ ಸೀಮೆಯನ್ನು ಮರೆಯುವಂತಿಲ್ಲ. ಮದ್ರಾಸ್ ಪ್ರಾಂತದಲ್ಲಿ ನೀಲಿ ಬೆಳೆಗೆ ಹೆಸರಾದ ಜಿಲ್ಲೆಗಳೆಂದರೆ ಕಡಪ ಮತ್ತು ಕರ್ನೂಲು. ಬಂಗಾಳದಲ್ಲಿ 1859-60ರಲ್ಲಿ ರೈತರು ನೀಲಿ ತೋಟದ ದೊರೆಗಳ ವಿರುದ್ಧ ಎದ್ದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದೂ ನೀಲಿ ಬೆಳೆಯುವ ರೈತರಿಗಾಗಿ. ಅಷ್ಟರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ 1897ರಿಂದ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತ್ತು, ಗಿಡದ ನೀಲಿಯ ವ್ಯಾಪಾರ ಕುಸಿದುಹೋಯಿತು. ಇಂದು ಜೀನ್ಸಿನಲ್ಲಿರುವುದು ಬಹುಪಾಲು ಕಾರ್ಖಾನೆಯ ನೀಲಿಯೇ.

ಜೀನ್ಸ್ ಪ್ಯಾಂಟು ಹುಟ್ಟಿದ್ದು ಒಬ್ಬ ದರ್ಜಿಯ ಅಂಗಡಿಯಲ್ಲಿ. ಅಮೆರಿಕದ ನೆವಾಡ ರಾಜ್ಯದ ರೀನೊ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಲಾಟ್ವಿಯಾದ ರೀಗಾದಿಂದ ಹೊಟ್ಟೆಪಾಡಿಗೆ ಹೋದವನು. ಮರ ಕಡಿಯುವವನೊಬ್ಬನ ಹೆಂಡತಿ ಬಂದು, ತನ್ನ ಗಂಡನಿಗೆ ಹರಿಯದ ಪ್ಯಾಂಟು ಬೇಕೆಂದಳು. ಜೇಬಿನ ಮೂಲೆಗಳೇ ಮೊದಲು ಹರಿಯುವುದನ್ನು ಬಲ್ಲ ಡೇವಿಸ್, ಕುದುರೆಯ ಸಾಮಾನಿಗೆ ಹೊಡೆಯುತ್ತಿದ್ದ ತಾಮ್ರದ ರಿವೆಟ್ಟನ್ನು ಅಲ್ಲಿಗೆ ಹೊಡೆದ. ಊರಿಗೆ ಊರೇ ಅದನ್ನು ಕೇಳತೊಡಗಿತು. ಪೇಟೆಂಟಿಗೆ ಕಟ್ಟಲು ದುಡ್ಡು ಸಾಲದೆ, ತನಗೆ ಬಟ್ಟೆ ಪೂರೈಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಪೇಟೆಂಟ್ ಬಂತು. ಹೆಸರು ಯಾರದ್ದು ಉಳಿಯಿತೆಂದು ನಿಮಗೆಲ್ಲ ಗೊತ್ತು. ದರ್ಜಿಯ ಹೆಸರು ಕೇಳಿದರೆ ಜೀನ್ಸ್ ತೊಟ್ಟವರಲ್ಲಿ ನೂರಕ್ಕೊಬ್ಬರು ಹೇಳಿದರೆ ಹೆಚ್ಚು. ಇದನ್ನು ಹೇಳಿದಾಗ ನಮ್ಮ ತರಗತಿಯಲ್ಲಿ ದರ್ಜಿಗಳ ಮನೆಯ ಮಕ್ಕಳು ನೆಟ್ಟಗೆ ಕೂತದ್ದನ್ನು ನೋಡಿದೆವು.

ಗಣಿಯಲ್ಲಿ, ಕಾಡಿನಲ್ಲಿ, ದನ ಕಾಯುವಲ್ಲಿ ತೊಡುವ ಪ್ಯಾಂಟಿಗೆ ಇಸ್ತ್ರಿಯ ಪ್ರಶ್ನೆಯೇ ಇರಲಿಲ್ಲ. ಇಸ್ತ್ರಿಯ ಗೆರೆ ಎಂದರೆ ಮೇಜಿನ ಮುಂದೆ ಕೂರುವವನ ಗುರುತು. ಗೆರೆಯಿಲ್ಲದ್ದು ಬೆವರಿನವನ ಗುರುತು. ಮುಂದೆ ಅಮೆರಿಕದ ಸಿನಿಮಾಗಳಲ್ಲಿ 1953ರಲ್ಲಿ ಮಾರ್ಲನ್ ಬ್ರಾಂಡೊ, 1955ರಲ್ಲಿ ಜೇಮ್ಸ್ ಡೀನ್ ಜೀನ್ಸ್ ತೊಟ್ಟು ಬಂದಾಗ, ಮೇಜಿನವರ ಮಕ್ಕಳೇ ಅಪ್ಪಂದಿರ ಮೇಲಿನ ಸಿಟ್ಟಿಗೆ ಜೀನ್ಸ್ ಹಾಕಿದರು. ಕೆಲವು ಶಾಲೆಗಳು ಅದನ್ನು ನಿಷೇಧಿಸಿದವು. ಇಸ್ತ್ರಿ ಇಲ್ಲದಿರುವುದು ಬಡತನ ಹೋಗಿ ಧಿಮಾಕು ಆಯಿತು. ನಮ್ಮ ಎಂಟನೇ ತರಗತಿಯ ಹುಡುಗನ ಮಾತು ಹೊರಟದ್ದು ಅಲ್ಲಿಂದ.

ಅಂದ ಹಾಗೆ ಆ 1953ರಲ್ಲೇ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯನ್ನು ಸೀಳಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೂ ಉಳಿದವನ್ನು ಮೈಸೂರಿಗೂ ಕೊಟ್ಟರು. ಆ ಕಥೆ ಈ ಬ್ಲಾಗಿನಲ್ಲಿ ಬೇಕಾದಷ್ಟು ಸಲ ಬಂದಿದೆ, ಮತ್ತೆ ಬೇಡ. ಹೇಳಬೇಕಾದ್ದು ಇಷ್ಟೇ: ನಕ್ಷೆಯ ಮೇಲೆ ಗೆರೆ ಬಿದ್ದರೂ ಬಟ್ಟೆ, ಕೂಲಿ, ನೆಂಟಸ್ತನ ಹಳೆಯ ದಾರಿಯಲ್ಲೇ ಓಡಾಡಿದವು.

ಬಳ್ಳಾರಿ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಊರು. ಸಿಪಾಯಿಗಳ ಸಮವಸ್ತ್ರ ಹೊಲಿಯಲು ದರ್ಜಿಗಳು ಬಂದು ನೆಲೆಸಿದರು, ಯುದ್ಧ ಮುಗಿದ ಮೇಲೆ ಅದೇ ಕೈಗಳು ಚಡ್ಡಿ, ಪ್ಯಾಂಟು ಹೊಲಿದು ಸಂತೆಗೆ ಒಯ್ದವು ಎಂಬುದು ಅಲ್ಲಿನ ಹಳೆಯ ದರ್ಜಿ ಮನೆಗಳಲ್ಲಿ ಈಗಲೂ ಹೇಳುವ ಮಾತು. ದಪ್ಪ ಬಟ್ಟೆ ಹೊಲಿದು ಪಳಗಿದ ಕೈಗೆ ಡೆನಿಮ್ ಹೊಸದಾದರೂ ಕಷ್ಟವಾಗಲಿಲ್ಲ. 1980ರ ದಶಕದ ಕೊನೆಯಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಲು ದೇಶದೊಳಗೇ ದೊಡ್ಡ ಪ್ರಮಾಣದಲ್ಲಿ ಡೆನಿಮ್ ನೇಯತೊಡಗಿತು. 1990ರ ದಶಕದ ಮಧ್ಯದಲ್ಲಿ ಅದೇ ಕಂಪನಿ ಬಟ್ಟೆ, ಜಿಪ್ಪು, ಗುಂಡಿ, ರಿವೆಟ್ಟುಗಳನ್ನು ಒಂದೇ ಪೊಟ್ಟಣದಲ್ಲಿಟ್ಟು, ಊರಿನ ದರ್ಜಿಯ ಬಳಿ ಹೊಲಿಸಿಕೊಳ್ಳಿ ಎಂದು 'ರಫ್ ಅಂಡ್ ಟಫ್' ಹೆಸರಿನಲ್ಲಿ ಮಾರಿತು. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರುತ್ತದೆ. ರೀನೊದ ದರ್ಜಿಯಿಂದ ಹೊರಟ ಪ್ಯಾಂಟು ನೂರಿಪ್ಪತ್ತು ವರ್ಷ ಸುತ್ತಿ ಮತ್ತೆ ದರ್ಜಿಯ ಅಂಗಡಿಗೇ ಬಂದಿತ್ತು.

ಬಳ್ಳಾರಿಯಿಂದ ಐವತ್ತು ಚಿಲ್ಲರೆ ಕಿಲೋಮೀಟರು ದೂರದ ರಾಯದುರ್ಗಕ್ಕೆ ಆ ಕೆಲಸ ಹರಡಿದ್ದು ಸಹಜ. ಕತ್ತರಿಸಿದ ಬಟ್ಟೆಯ ಗಂಟು ಬರುತ್ತದೆ, ಹೊಲಿದ ಪ್ಯಾಂಟಿನ ಗಂಟು ಹೋಗುತ್ತದೆ. ಮನೆಯ ಜಗಲಿಯಲ್ಲಿ ಕೂತು ಹೆಂಗಸರು ದಾರದ ತುದಿ ಕತ್ತರಿಸುತ್ತಾರೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ನೋಟುಬುಕ್ಕಿನ ಅಂಚಿನಲ್ಲಿ ನೀಲಿ ಬೆರಳಚ್ಚು ಇರುತ್ತದೆ. ಮೊದಮೊದಲು ಶಾಯಿ ಎಂದು ಬೈಯುತ್ತಿದ್ದೆವು. ಈಗ ಬೈಯುವುದಿಲ್ಲ.

ಹೊಲಿದಾದ ಮೇಲೆ ತೊಳೆತ. ಹೊಸ ಡೆನಿಮ್ ರಟ್ಟಿನಂತಿರುತ್ತದೆ, ಗಂಜಿ ತೆಗೆದು ಮೆದು ಮಾಡಬೇಕು, ಬಣ್ಣ ಇಳಿಸಬೇಕು. ಅದಕ್ಕೆ ನೀರು ಹೇರಳ ಬೇಕು, ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಅದೇ ಇಲ್ಲ. ನೀಲಿ ನೀರು ಮೋರಿಗೆ ಹರಿಯುವ ದೂರು ಬಳ್ಳಾರಿಯಲ್ಲಿ ಹಳೆಯದು. ಕಾರ್ಖಾನೆ ಮುಚ್ಚಿಸಿದರೆ ಕೂಲಿ ಹೋಗುತ್ತದೆ, ತೆರೆದರೆ ನೀರು ಕೆಡುತ್ತದೆ. ಇದಕ್ಕೆ ನಮ್ಮ ಬಳಿ ಸುಲಭದ ಉತ್ತರವಿಲ್ಲ. ನೀರನ್ನು ಶುದ್ಧ ಮಾಡುವ ಖರ್ಚನ್ನು ಪ್ಯಾಂಟಿನ ಬೆಲೆಯಲ್ಲಿ ಸೇರಿಸಬೇಕೇ ಹೊರತು ಕೂಲಿಯವನ ಸಂಬಳದಲ್ಲಿ ಕಳೆಯಬಾರದು ಎಂದಷ್ಟೇ ನಮಗೆ ಅನ್ನಿಸುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಕನ್ನಡದಲ್ಲಿ ಸುಕ್ಕು ಬೇರೆ, ನಿರಿಗೆ ಬೇರೆ. ನಿರಿಗೆ ನಾವೇ ಬೇಕೆಂದು ಹಿಡಿಯುವುದು, ಸುಕ್ಕು ಬೇಡವೆಂದರೂ ಬೀಳುವುದು. ಜೀನ್ಸ್ ಉದ್ಯಮ ಈ ಸುಕ್ಕನ್ನೇ ನಿರಿಗೆ ಮಾಡಿತು. ಹೇಗೆಂದರೆ, ಎರಡನೇ ಮಹಾಯುದ್ಧದ ನಂತರ ನೈಲಾನ್, ಪಾಲಿಯೆಸ್ಟರ್ ಬಂದು ಹತ್ತಿಯನ್ನು ಮೂಲೆಗೆ ಒತ್ತುತ್ತಿದ್ದವು. ಒಗೆದು ಹಾಗೇ ತೊಡಬಹುದಾದ ಹತ್ತಿ ಬಟ್ಟೆಗಾಗಿ ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ರೂತ್ ಬೆನೆರಿಟೊ ಎಂಬ ರಸಾಯನಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದುಡಿದರು. ಸಡಿಲವಾದ ಹೈಡ್ರೋಜನ್ ಬಂಧದ ಬದಲು, ನೀರಿಗೆ ಬಿಡದ ಗಟ್ಟಿ ರಾಸಾಯನಿಕ ಸೇತುವೆಗಳನ್ನು ಸೆಲ್ಯುಲೋಸಿನ ಸರಪಳಿಗಳ ನಡುವೆ ಕಟ್ಟುವುದು ಅವರ ಉಪಾಯ. ಬಟ್ಟೆ ನೇರವಾಗಿದ್ದಾಗ ಸೇತುವೆ ಕಟ್ಟಿದರೆ ನೇರವಾಗೇ ಉಳಿಯುತ್ತದೆ, ಇಸ್ತ್ರಿ ಬೇಡ. ಹೆಂಗಸರ ಬೆನ್ನುನೋವಿನ ಎಷ್ಟು ಗಂಟೆಗಳನ್ನು ಅದು ಉಳಿಸಿತೋ!

ಹಾಗಾದರೆ ಬಟ್ಟೆ ಸುಕ್ಕಾಗಿದ್ದಾಗ ಸೇತುವೆ ಕಟ್ಟಿದರೆ? ಸುಕ್ಕು ಶಾಶ್ವತ. ಜೀನ್ಸಿನವರು ಮಾಡಿದ್ದು ಅದನ್ನೇ. ಪ್ಯಾಂಟಿಗೆ ರಾಳದಂಥ ರಾಸಾಯನಿಕ ಸಿಂಪಡಿಸಿ, ತೊಡೆಯ ಸಂದಿಯಲ್ಲಿ, ಮೊಣಕಾಲಿನ ಹಿಂದೆ ಕೈಯಿಂದ ಮಡಿಕೆ ಹಿಡಿದು ಕ್ಲಿಪ್ಪು ಹಾಕಿ, ಭಟ್ಟಿಯಲ್ಲಿ ಬೇಯಿಸುತ್ತಾರೆ. ಗಾಳಿ ತುಂಬಿದ ರಬ್ಬರ್ ಕಾಲಿಗೆ ಪ್ಯಾಂಟು ತೊಡಿಸಿ, ಮರಳು ಕಾಗದದಿಂದ ಉಜ್ಜಿ ಬೆಕ್ಕಿನ ಮೀಸೆಯಂಥ ಬಿಳಿ ಗೆರೆ ಬರಿಸುತ್ತಾರೆ. ಗಣಿ ಕೆಲಸಗಾರನ ಮೈಮೇಲೆ ವರ್ಷಗಟ್ಟಲೆ ದುಡಿದು ಬರುತ್ತಿದ್ದ ಸುಕ್ಕು ಅದು. ಇಂದು ಅದನ್ನು ಇನ್ನೊಬ್ಬ ಕೆಲಸಗಾರ ಕೆಲವು ನಿಮಿಷಗಳಲ್ಲಿ ಬರಿಸಿಕೊಡುತ್ತಾನೆ, ಎಂದೂ ಗಣಿಗಿಳಿಯದವನು ಕೊಂಡು ತೊಡುತ್ತಾನೆ.

ಇದರಲ್ಲಿ ಜೀವಗಳೂ ಹೋಗಿವೆ. ಗಾಳಿಯ ಒತ್ತಡದಿಂದ ಮರಳನ್ನು ಚಿಮ್ಮಿಸಿ ಜೀನ್ಸಿನ ಬಣ್ಣ ಕೆರೆಯುವ ಪದ್ಧತಿಯೊಂದಿತ್ತು. ಟರ್ಕಿಯ ಸಣ್ಣ ಸಣ್ಣ ಕೋಣೆಗಳಲ್ಲಿ ಈ ಕೆಲಸ ಮಾಡುತ್ತಿದ್ದ ಹಳ್ಳಿಯ ಹುಡುಗರ ಶ್ವಾಸಕೋಶಕ್ಕೆ ಮರಳಿನ ದೂಳು ಇಳಿದು ಸಿಲಿಕೋಸಿಸ್ ಹತ್ತಿತು. ಗಣಿಯವರಿಗೆ ದಶಕಗಳ ನಂತರ ಬರುವ ರೋಗ ಇವರಿಗೆ ಕೆಲವೇ ವರ್ಷಗಳಲ್ಲಿ ಬಂದು, ಹಲವರು ಚಿಕ್ಕ ವಯಸ್ಸಿನಲ್ಲೇ ಸತ್ತರು. ಟರ್ಕಿ ಸರ್ಕಾರ 2009ರಲ್ಲಿ ಅದನ್ನು ನಿಷೇಧಿಸಿತು. ಮರುವರ್ಷ ಕೆಲವು ದೊಡ್ಡ ಕಂಪನಿಗಳೂ ಕೈಬಿಡುವುದಾಗಿ ಹೇಳಿದವು. ಅಂಗಡಿಯಲ್ಲಿ ಮಾಸಿದ ಪ್ಯಾಂಟು ಕಂಡಾಗ ಇದು ಯಾರ ಕೈಯಿಂದ ಹೇಗೆ ಮಾಸಿತು ಎಂದು ಕೇಳುವ ಅಭ್ಯಾಸ ನಮಗಂತೂ ಆಗಿದೆ. ಅಂಗಡಿಯವರು ಉತ್ತರ ಹೇಳುವುದಿಲ್ಲ, ಅದು ಬೇರೆ ಮಾತು.

ಈ ಎಲ್ಲ ಆದ ಮೇಲೆ ಕಟ್ಟಕಡೆಯದು ಇಸ್ತ್ರಿ. ಬೇಕಾದ ಸುಕ್ಕು ಉಳಿಯಬೇಕು, ಬೇಡದ ಸುಕ್ಕು ಹೋಗಬೇಕು. ಇದನ್ನು ಕಣ್ಣಾರೆ ನೋಡೋಣವೆಂದು ಕಳೆದ ಭಾನುವಾರ ಆ ಹುಡುಗಿಯ ತಂದೆ ಕೆಲಸ ಮಾಡುವಲ್ಲಿಗೆ ಹೋಗಿದ್ದೆವು. ಉದ್ದನೆಯ ಶೆಡ್ಡು, ಸಾಲಾಗಿ ಪ್ರೆಸ್ ಮೇಜುಗಳು, ಮೇಲಿನಿಂದ ಇಳಿಬಿದ್ದ ಹಬೆಯ ಕೊಳವೆಗಳು. ಕಾಲಿನಿಂದ ತುಳಿದರೆ ಮೇಜೇ ಹಬೆಯನ್ನು ಕೆಳಗೆ ಹೀರಿಕೊಳ್ಳುತ್ತದೆ, ಬಟ್ಟೆ ತಕ್ಷಣ ಒಣಗುತ್ತದೆ. ಕೆಲಸ ಪೀಸ್ ರೇಟು. ಅಲ್ಲಿ ಮೂರನೇ ಮೇಜಿನ ಹಿಂದೆ ಒಬ್ಬ ಹುಡುಗ ನಮ್ಮನ್ನು ನೋಡಿ ಇಸ್ತ್ರಿ ಕೆಳಗಿಟ್ಟು ಕೈ ಕಟ್ಟಿ ನಿಂತ. ನಮ್ಮ ಹಳೆಯ ವಿದ್ಯಾರ್ಥಿ. ಎರಡು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಹೋದವನು. ಆಮೇಲೆ ಶಾಲೆಯ ಕಡೆ ಬಂದಿರಲಿಲ್ಲ, ನಾವೂ ಅವನ ಮನೆಯ ಕಡೆ ಹೋಗಿರಲಿಲ್ಲ. ಅದು ನಮ್ಮ ತಪ್ಪೇ.

"ಜೀನ್ಸಿಗೆ ಇಸ್ತ್ರಿ ಹೇಗೆ ಹಾಕಬೇಕು, ಹೇಳಿಕೊಡಪ್ಪಾ" ಎಂದೆವು. ಮೊದಲು ನಾಚಿಕೊಂಡ. ಆಮೇಲೆ ಶುರು ಮಾಡಿದ.

"ಮನೆಯಲ್ಲಾದರೆ ಒಳಗಡೆ ಹೊರಗೆ ಮಾಡಿ ಸಾರ್. ಮೇಲಿಂದ ಒತ್ತಿದರೆ ಗೆರೆ ಎಲ್ಲಾ ಚಪ್ಪಟೆಯಾಗಿ ಮಿರಮಿರ ಮಿಂಚುತ್ತೆ, ಮತ್ತೆ ಹೋಗಲ್ಲ." ನಾವು ಮೇಲೆ ಹೇಳಿದ ಓರೆಯ ಏರುಗೆರೆಗಳು ಇವೇ. ಅವನಿಗೆ ಪುಸ್ತಕ ಓದದೆ ಗೊತ್ತಿತ್ತು. "ಪೂರ್ತಿ ಒಣಗಿಸಬೇಡಿ. ಸ್ವಲ್ಪ ಹಸಿ ಇದ್ದಾಗಲೇ ಹಾಕಿ. ಒಣಗಿಹೋಗಿದ್ದರೆ ನೀರು ಚಿಮುಕಿಸಿ, ಸುತ್ತಿ ಹತ್ತು ನಿಮಿಷ ಇಡಿ. ಮೊದಲು ಜೇಬಿನ ಬಟ್ಟೆ, ಆಮೇಲೆ ಸೊಂಟದ ಪಟ್ಟಿ, ಆಮೇಲೆ ಕಾಲು. ಹೊಲಿಗೆ ಮೇಲೆ ಹೊಲಿಗೆ ಕೂರಿಸಿ, ಕೈಯಿಂದ ಎಳೆದು ನೇರ ಮಾಡಿ. ಉಜ್ಜಬೇಡಿ ಸಾರ್, ಇಟ್ಟು ಒತ್ತಿ, ಎತ್ತಿ, ಮುಂದೆ ಇಡಿ."

ಜಿಪ್ಪು, ಗುಂಡಿ, ರಿವೆಟ್ಟಿನ ಮೇಲೆ ಪೆಟ್ಟಿಗೆ ಓಡಿಸಬಾರದು, ಪೆಟ್ಟಿಗೆಯ ತಳ ಗೀರಿಹೋಗುತ್ತದೆ. ಪೂರ್ತಿ ಹತ್ತಿಯ ಜೀನ್ಸಾದರೆ ಹೆಚ್ಚಿನ ಶಾಖ, ಲೇಬಲ್ಲಿನಲ್ಲಿ ಇಸ್ತ್ರಿಯ ಗುರುತಿನೊಳಗೆ ಮೂರು ಚುಕ್ಕೆ ಇರುತ್ತದೆ, ಅಂದರೆ 200 ಡಿಗ್ರಿಯವರೆಗೆ. ಹಿಗ್ಗುವ ಜೀನ್ಸಾದರೆ ಅದರಲ್ಲಿ ಎಲಾಸ್ಟೇನ್ ಎಳೆ ಇರುತ್ತದೆ, ಹೆಚ್ಚು ಬಿಸಿಗೆ ಅದು ಸೋಲುತ್ತದೆ. ಆಗ ಎರಡು ಚುಕ್ಕೆ, 150 ಡಿಗ್ರಿ ದಾಟದಂತೆ. ಕೆಂಡದ ಪೆಟ್ಟಿಗೆಯಾದರೆ ಶಾಖ ಗೊತ್ತಾಗುವುದಿಲ್ಲವಾದ್ದರಿಂದ ಮೇಲೊಂದು ಒದ್ದೆ ಹತ್ತಿ ಬಟ್ಟೆ ಹಾಸಿಕೊಳ್ಳುವುದು ಕ್ಷೇಮ. ಹೊಸ ಜೀನ್ಸು ಬಣ್ಣ ಬಿಡುತ್ತದೆ, ಅದನ್ನು ಹಾಸಿದ ಬಟ್ಟೆಯ ಮೇಲೇ ಬಿಳಿ ಯೂನಿಫಾರಂ ಇಸ್ತ್ರಿ ಮಾಡಬೇಡಿ.

"ಮುಂದುಗಡೆ ಪ್ಯಾಂಟಿನ ಥರ ಗೆರೆ ಎತ್ತಬಾರದು" ಎಂದ. ಯಾಕೆ ಎಂದೆವು. "ಆ ಏಣಲ್ಲೇ ಸವೆದು ಬಿಳಿ ಆಗಿಬಿಡುತ್ತೆ ಸಾರ್. ಆಮೇಲೆ ಗೆರೆ ಬೇಡ ಅಂದರೂ ಹೋಗಲ್ಲ." ಬಿಳಿ ತಿರುಳಿನ ಮಾತು!

ಇಸ್ತ್ರಿಯೇ ಇಲ್ಲದ ಮನೆಯವರಿಗೂ ಅವನ ಬಳಿ ಉಪಾಯವಿತ್ತು. ಒಗೆದ ತಕ್ಷಣ ಬಕೆಟ್ಟಿನಲ್ಲಿ ಬಿಡದೆ, ಎರಡು ಕಾಲು ಹಿಡಿದು ನಾಲ್ಕು ಸಲ ಜೋರಾಗಿ ಕೊಡವಬೇಕು. ಹೊಲಿಗೆಗುಂಟ ಎಳೆದು, ಕಾಲಿನ ತುದಿಯಿಂದ ತಲೆಕೆಳಗಾಗಿ ನೇತುಹಾಕಿದರೆ ಸೊಂಟದ ಭಾರಕ್ಕೆ ಅರ್ಧ ಸುಕ್ಕು ತಾನೇ ಬಿಡುತ್ತದೆ. ಇನ್ನರ್ಧಕ್ಕೆ ಹಾಸಿಗೆಯ ಕೆಳಗೆ. ಅವನ ಅಜ್ಜಿ ಹೇಳಿಕೊಟ್ಟದ್ದಂತೆ.

ಬೀದಿ ಬದಿಯ ಇಸ್ತ್ರಿ ಗಾಡಿಗಳ ವಿಷಯವನ್ನೂ ಮಾತಾಡಿದೆವು. ಕೆಂಡದ ಪೆಟ್ಟಿಗೆಯ ಜಾಗಕ್ಕೆ ಈಚೆಗೆ ಗ್ಯಾಸಿನ ಪೆಟ್ಟಿಗೆಗಳು ಬಂದಿವೆ. ತಮಿಳುನಾಡಿನ ತಿರುವಣ್ಣಾಮಲೈನ ಶಾಲಾ ಬಾಲಕಿ ವಿನಿಶಾ ಉಮಾಶಂಕರ್ ಬಿಸಿಲಿನಿಂದ ನಡೆಯುವ ಇಸ್ತ್ರಿ ಗಾಡಿಯನ್ನು ರೂಪಿಸಿ, 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಮಾತಾಡಿದ್ದನ್ನು ಹೇಳಿದೆವು. "ಬಿಸಿಲಿಗೇನು ಸಾರ್, ನಮ್ಮಲ್ಲಿ ಬೇಕಾದಷ್ಟಿದೆ" ಎಂದು ನಕ್ಕ.

ಹೊರಡುವಾಗ ಶೆಡ್ಡಿನ ಬಾಗಿಲತನಕ ಬಂದ. ಅಂಗೈ ನೀಲಿಯಾಗಿತ್ತು, ಪ್ಯಾಂಟಿಗೆ ಒರೆಸಿಕೊಂಡ. "ಸಾರ್, ಹತ್ತನೇದರ ಸಪ್ಲಿಮೆಂಟರಿಗೆ ಫೀಸು ಯಾವಾಗ ಕಟ್ಟೋದು? ಗಣಿತ ಈಗಲೂ ಕನ್ನಡದಲ್ಲೇ ಬರೀಬಹುದಲ್ಲಾ?" ಎಂದು ಕೇಳಿದ. ಬರೀಬಹುದು ಎಂದೆವು. ನಾಳೆ ಸಂಜೆ ಐದಕ್ಕೆ ಶಾಲೆಗೆ ಬರಲು ಹೇಳಿದ್ದೇವೆ. ಹಳೆಯ ಗಣಿತ ಪುಸ್ತಕ ಅವನ ಬಳಿ ಇಲ್ಲವಂತೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಇದ್ದರೆ ಶಾಲೆಗೆ ತಲುಪಿಸಿ.